ಕೆರೆ ಸರಿ ಮಾಡೋಕೆ ಎಷ್ಟು ಕೊಡ್ತೀರಿ ಅಂತ ಕೇಳೋಕೆ ಮುಂಚೆ ಜನಕ್ಕೆ ಎಷ್ಟು ಹೇಳ್ಬೇಕು?

ಜೊಂಡುಹುಲ್ಲು:

ಎಲ್ರಿಗೂ ನಮಸ್ಕಾರ. ಪೋಸ್ಟ್ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ ಹೇಳಿ, ಮೂರು ವಾರದಿಂದ ಇದೇ ತಲೇಲಿ ಕೂತ್ಕೊಂಡಿದೆ.

ನಾನು ಎಂಎ ಎಕನಾಮಿಕ್ಸ್ ಕೊನೇ ವರ್ಷ. ಬೆಂಗಳೂರಲ್ಲೇ ಮನೆ, ಮನೆಯಿಂದ ಹತ್ತು ನಿಮಿಷ ನಡೆದ್ರೆ ಒಂದು ಕೆರೆ ಸಿಗುತ್ತೆ, ಹೆಸರು ಈಗ ಬೇಡ. ರಾಜಕಾಲುವೇಲಿ ಕೊಳಚೆ ನೀರು ನೇರ ಬಂದು ಬೀಳುತ್ತೆ, ಅರ್ಧ ಕೆರೆ ಅಂತರಗಂಗೆ ಮುಚ್ಕೊಂಡಿದೆ, ಸಂಜೆ ಗಾಳಿ ಈ ಕಡೆ ಬೀಸಿದ್ರೆ ಕಿಟಕಿ ತೆಗಿಯೋ ಹಾಗಿಲ್ಲ. ಇದನ್ನ ಜಕ್ಕೂರು ಕೆರೆ ಥರ ಮಾಡ್ಬೇಕು ಅಂತ ಇಲ್ಲಿ ಕೆಲವರು ಓಡಾಡ್ತಾ ಇದ್ದಾರೆ. ಅಂದ್ರೆ ನೀರು ಒಳಗೆ ಬರೋ ಜಾಗದಲ್ಲಿ ಒಂದಷ್ಟು ಎಕರೆ ತೆಳುವಾಗಿ ನೀರು ನಿಲ್ಸಿ ಜೊಂಡು ಬೆಳೆಸೋದು, ಸಂಸ್ಕರಣಾ ಘಟಕದಿಂದ ಬಂದ ನೀರು ಆ ಜೊಂಡಿನ ನಡುವೆ ನಿಧಾನಕ್ಕೆ ಹರಿದು ಇನ್ನಷ್ಟು ತಿಳಿಯಾಗಿ ಕೆರೆಗೆ ಸೇರೋದು.

ನನ್ನ ಪ್ರಾಜೆಕ್ಟ್ ಏನಂದ್ರೆ, ಮನೆಮನೆಗೆ ಹೋಗಿ "ಈ ಕೆಲಸಕ್ಕೆ ನಿಮ್ಮ ಮನೆಯಿಂದ ವರ್ಷಕ್ಕೆ ಎಷ್ಟು ಕೊಡೋಕೆ ಒಪ್ತೀರಿ" ಅಂತ ಕೇಳಿ, ಅದ್ರಿಂದ ಕೆರೆ ಸರಿ ಮಾಡೋದಕ್ಕೆ ಜನ ಕೊಡೋ ಬೆಲೆ ಎಷ್ಟು ಅಂತ ಲೆಕ್ಕ ಹಾಕೋದು. ಮೊದಲ ಭಾನುವಾರ ಒಂದು ಬೀದಿಗೆ ಹೋಗಿ ಸುಮ್ನೆ ಪ್ರಶ್ನೆ ಕೇಳ್ದೆ, ಏನೂ ವಿವರಿಸ್ಲಿಲ್ಲ. ಎರಡನೇ ಭಾನುವಾರ ಪಕ್ಕದ ಬೀದಿ. ಅವತ್ತು ಕೈಲಿ ಒಂದು ಹಾಳೆ ಇತ್ತು, ಮುಂದೆ ಎರಡು ಫೋಟೋ, ಹಿಂದೆ ಆರೇಳು ಸಾಲು: ಜೊಂಡು ನೀರು ಶುದ್ಧ ಮಾಡುತ್ತೆ, ಮಳೆ ನೀರು ಹಿಡ್ಕೊಳ್ಳುತ್ತೆ, ಬೋರ್‌ವೆಲ್‌ಗಳಿಗೆ ನೀರು ಬರುತ್ತೆ, ಹಕ್ಕಿಗಳು ಬರ್ತವೆ, ಹೀಗೆ.

ಎರಡೂ ದಿನದ ಉತ್ತರಕ್ಕೆ ಹೋಲಿಕೆನೇ ಇಲ್ಲ. ತಪ್ಪಾಗಿ ಒಂದು ಮನೆಗೆ ಎರಡು ಸಲ ಹೋಗಿದ್ದೆ (ಮೂಲೆ ಮನೆ, ಎರಡೂ ಬೀದಿಗೆ ಬಾಗಿಲು). ಮೊದಲನೇ ವಾರ ಅಲ್ಲಿನ ಅಂಕಲ್ ಖುಷಿಯಿಂದ ವರ್ಷಕ್ಕೆ 1000 ರೂಪಾಯಿ ಅಂದ್ರು. ಎರಡನೇ ವಾರ ಹಾಳೆ ಓದಿ "ಜೊಂಡು ಬೆಳೆಸ್ತಾರಾ? ಹಾವು ಸೇರ್ಕೊಳ್ಳುತ್ತಲ್ಲಮ್ಮ, ನಾನು ವಾಕಿಂಗ್ ಟ್ರ್ಯಾಕು ಲೈಟು ಬೋಟಿಂಗು ಅನ್ಕೊಂಡಿದ್ದೆ" ಅಂತ ಸೊನ್ನೆ ಬರೆಸಿದ್ರು. ಅದೇ ಬೀದೀಲಿ ಒಬ್ಬ ಆಂಟಿ ಮೊದಲು ಬಾಗಿಲೇ ಪೂರ್ತಿ ತೆಗೀಲಿಲ್ಲ, ಬೋರ್‌ವೆಲ್ ಸಾಲು ಓದಿದ ಮೇಲೆ ಒಳಗೆ ಕರೆದು ಕೂರಿಸಿ ತಿಂಗಳಿಗೆ 200 ಕೊಡ್ತೀನಿ ಅಂದ್ರು, 2024ರ ಬೇಸಿಗೇಲಿ ಟ್ಯಾಂಕರ್‌ಗೆ ಎಷ್ಟು ಸುರಿದ್ವಿ ಅಂತ ಲೆಕ್ಕಾನೂ ಹೇಳಿದ್ರು.

ನಮ್ಮ ಗೈಡ್ ಇದನ್ನ ನೋಡಿ "ಎರಡನೇ ವಾರದ್ದು ಬಿಸಾಕು, ನೀನೇ ಉತ್ತರ ಹೇಳ್ಕೊಟ್ಟ ಹಾಗಾಯ್ತು" ಅಂದ್ರು. ಆದ್ರೆ ಮೊದಲನೇ ವಾರ ಆ ಅಂಕಲ್ ಬೆಲೆ ಕಟ್ಟಿದ್ದು ನಮ್ಮ ಕೆರೆಗೇ ಅಲ್ವಲ್ಲ, ಅವರ ಮನಸ್ಸಲ್ಲಿದ್ದ ಯಾವುದೋ ಪಾರ್ಕಿಗೆ. ಹಾಗಾದ್ರೆ ಯಾವ ನಂಬರ್ ನಿಜ? ಏನೂ ಹೇಳದೆ ಕೇಳಿದ್ದೋ, ಹೇಳಿ ಕೇಳಿದ್ದೋ? ಎಷ್ಟು ಹೇಳಿದ್ರೆ ತಿಳಿವಳಿಕೆ, ಎಷ್ಟು ಹೇಳಿದ್ರೆ ಪ್ರಚಾರ?

---

ಬೆಳಗಿನ_ವಾಕಿಂಗ್:

ನಿಮ್ಮ ಗೈಡ್ ಹೇಳಿದ್ದೇ ಸರಿ ಅನ್ಸುತ್ತೆ ಮೇಡಂ. ಫೋಟೋ ತೋರಿಸಿ, ಒಳ್ಳೇದನ್ನೇ ಪಟ್ಟಿ ಮಾಡಿ ಆಮೇಲೆ ಎಷ್ಟು ಕೊಡ್ತೀರಿ ಅಂದ್ರೆ ಯಾರಾದ್ರೂ ಮುಲಾಜಿಗೆ ಹೇಳ್ತಾರೆ. ಓದೋ ಹುಡುಗಿ ಬಿಸಿಲಲ್ಲಿ ಬಂದಿದ್ದಾಳೆ ಅಂತ ನಾನಾದ್ರೂ 500 ಬರೆಸ್ತಿದ್ದೆ. ಆಮೇಲೆ ನಿಜವಾಗ್ಲೂ ವಸೂಲಿಗೆ ಬಂದ್ರೆ ಅದೇ ಜನ "ಪ್ರಾಪರ್ಟಿ ಟ್ಯಾಕ್ಸ್ ಕಟ್ತೀವಲ್ಲ" ಅಂತಾರೆ. ಜನಕ್ಕೆ ಏನು ಗೊತ್ತೋ ಅದರ ಮೇಲೇ ಕೇಳ್ಬೇಕು. ಎಲೆಕ್ಷನ್ ಸರ್ವೇಲಿ ಪಾರ್ಟಿ ಮ್ಯಾನಿಫೆಸ್ಟೋ ಓದಿಸಿ ಕೇಳ್ತಾರಾ?

ಮತ್ತೆ ಜೊಂಡು ಅಂದ್ರೆ ಸೊಳ್ಳೆ. ಅದು ನಿಮ್ಮ ಹಾಳೇಲಿ ಇತ್ತಾ?

---

ಮೇಷ್ಟ್ರು_ತುಮಕೂರು:

ಮಗಳೇ, ನಿನ್ನ ಪ್ರಶ್ನೆ ತುಂಬಾ ಒಳ್ಳೇ ಪ್ರಶ್ನೆ, ಎರಡನೇ ವಾರದ ಹಾಳೆಗಳನ್ನ ದಯವಿಟ್ಟು ಬಿಸಾಕಬೇಡ. ನಾನು ಇಪ್ಪತ್ತು ವರ್ಷದಿಂದ ಈ ವಿಷಯ ಪಾಠ ಮಾಡ್ತಾ ಇದ್ದೀನಿ, ನೀನು ಎಡವಿದ ಕಲ್ಲಿಗೆ ದೊಡ್ಡ ದೊಡ್ಡವರೇ ಎಡವಿದ್ದಾರೆ.

ಈ ವಿಧಾನಕ್ಕೆ ಕಂಟಿಂಜೆಂಟ್ ವ್ಯಾಲ್ಯುಯೇಶನ್ ಅಂತಾರೆ, ನಿನಗೆ ಗೊತ್ತೇ ಇರುತ್ತೆ, ಬೇರೆಯವರಿಗೋಸ್ಕರ ಹೇಳ್ತೀನಿ. ಮಾರ್ಕೆಟ್‌ನಲ್ಲಿ ಟೊಮೇಟೊಗೆ ರೇಟ್ ಇದೆ, ಕೆರೆ ಮೇಲೆ ಹಾರೋ ಹೆಜ್ಜಾರ್ಲೆಗೆ ರೇಟ್ ಇಲ್ಲ. ಅದಕ್ಕೆ ಒಂದು ಕಾಲ್ಪನಿಕ ಮಾರ್ಕೆಟ್ ಕಟ್ಟಿ, ಇಂಥ ಕೆಲಸಕ್ಕೆ ಇಷ್ಟು ತೆರಿಗೆ ಬಿದ್ರೆ ಒಪ್ತೀರಾ ಅಂತ ಕೇಳೋದು. ಇದು ದೊಡ್ಡ ಸುದ್ದಿಯಾಗಿದ್ದು ಎಕ್ಸಾನ್ ವಾಲ್ಡೀಝ್ ಅನ್ನೋ ಹಡಗಿನಿಂದ. 1989ರ ಮಾರ್ಚ್ 24ಕ್ಕೆ ಅಲಾಸ್ಕಾದಲ್ಲಿ ಬಂಡೆಗೆ ಬಡಿದು ಸುಮಾರು 1.1 ಕೋಟಿ ಗ್ಯಾಲನ್ ಕಚ್ಚಾ ಎಣ್ಣೆ ಸಮುದ್ರಕ್ಕೆ ಚೆಲ್ತು. ಅಲಾಸ್ಕಾ ರಾಜ್ಯದ ಪರವಾಗಿ ರಿಚರ್ಡ್ ಕಾರ್ಸನ್ ಮತ್ತವರ ತಂಡ ಅಮೆರಿಕದ 1043 ಜನರನ್ನ ಮನೇಲೇ ಕೂತು ಮಾತಾಡಿಸಿತು. ಇನ್ನೊಂದು ಸಲ ಹೀಗಾಗದ ಹಾಗೆ ಎಣ್ಣೆ ಹಡಗುಗಳ ಜೊತೆ ಬೆಂಗಾವಲು ಹಡಗು ಕಳಿಸೋ ಯೋಜನೆ, ಅದಕ್ಕೆ ಒಂದೇ ಸಲದ ತೆರಿಗೆ. ಮಧ್ಯದ ಉತ್ತರ ಮನೆಗೆ 31 ಡಾಲರ್ ಬಂತು, ಇಡೀ ದೇಶಕ್ಕೆ ಲೆಕ್ಕ ಹಾಕಿದ್ರೆ 280 ಕೋಟಿ ಡಾಲರ್.

ಈಗ ನಿನ್ನ ಪ್ರಶ್ನೆಗೆ ಬರ್ತೀನಿ. ಅವರು ಜನಕ್ಕೆ ಏನೂ ಹೇಳದೆ ಕೇಳಿದ್ರಾ? ಇಲ್ಲ. ನಕ್ಷೆ ತೋರಿಸಿದ್ರು, ಫೋಟೋ ತೋರಿಸಿದ್ರು, ಎಷ್ಟು ಹಕ್ಕಿ ಸತ್ತು ಅಂತ ಹೇಳಿದ್ರು. ಅದರ ಜೊತೆಗೇ ಆ ಹಕ್ಕಿಗಳ ಒಟ್ಟು ಸಂಖ್ಯೆ ಎಷ್ಟಿದೆ, ಯಾವ ಜಾತೀನೂ ನಿರ್ನಾಮ ಆಗಲ್ಲ, ಕೆಲವೇ ವರ್ಷದಲ್ಲಿ ಅಲ್ಲಿನ ಸ್ಥಿತಿ ಸುಧಾರಿಸುತ್ತೆ ಅನ್ನೋದನ್ನೂ ಹೇಳಿದ್ರು. ತಮ್ಮ ಕೇಸ್ ವೀಕ್ ಮಾಡೋ ಮಾಹಿತೀನ ತಾವೇ ಓದಿ ಹೇಳಿದ್ರಲ್ಲ, ಅದನ್ನ ಗಮನಿಸು. ನಿನ್ನ ಹಾಳೇಲಿ ಇಲ್ಲದ್ದು ಅದು.

ಆಮೇಲೆ ಈ ವಿಧಾನ ನಂಬಬಹುದಾ ಅಂತ ದೊಡ್ಡ ಜಗಳ ಶುರುವಾಗಿ ಅಮೆರಿಕ ಸರ್ಕಾರದ ಸಂಸ್ಥೆ ನೋವಾ ಒಂದು ಸಮಿತಿ ಮಾಡ್ತು, ಕೆನೆತ್ ಆ್ಯರೋ ಮತ್ತು ರಾಬರ್ಟ್ ಸೋಲೊ ಅದರ ಮುಂದಾಳುಗಳು, ಇಬ್ಬರೂ ನೊಬೆಲ್ ಪಡೆದವರು. 1993ರ ಅವರ ವರದೀಲಿ ಮಾಹಿತಿ ಬಗ್ಗೆ ಇರೋದನ್ನ ನೀನು ಪ್ರಿಂಟ್ ತೆಗೆದು ಗೋಡೆಗೆ ಅಂಟಿಸ್ಕೋಬೇಕು. ಯೋಜನೆ ಏನು ಅಂತ ನಿಖರವಾಗಿ ಹೇಳಿ. ಅದೇ ಥರದ ಬೇರೆ ಜಾಗಗಳೂ ಇವೆ ಅಂತ ನೆನಪಿಸಿ. ಕೊಟ್ಟ ದುಡ್ಡು ಬೇರೆ ಖರ್ಚಿಗೆ ಉಳಿಯಲ್ಲ ಅಂತ ನೆನಪಿಸಿ. ಫೋಟೋ ಜನರ ಮೇಲೆ ಏನು ಪರಿಣಾಮ ಮಾಡುತ್ತೆ ಅಂತ ಮೊದಲೇ ಪರೀಕ್ಷೆ ಮಾಡಿ. ಅನಾಹುತ ಆದ ಬಿಸೀಲೇ ಹೋಗಿ ಕೇಳಬೇಡಿ. ಕೊನೇಲಿ, ಹೇಳಿದ್ದು ಅರ್ಥ ಆಯ್ತಾ, ನಂಬಿದ್ರಾ ಅಂತ ಕೇಳಿ. ಮಾಹಿತಿ ಕೊಡಬೇಡಿ ಅಂತ ಅವರು ಎಲ್ಲೂ ಹೇಳಿಲ್ಲ.

ಇನ್ನು ಜೌಗು ಪ್ರದೇಶದ ಮೇಲೇ ಆದ ಕೆಲಸ ಹೇಳ್ತೀನಿ. 1990ರಲ್ಲಿ ಬರ್ಗ್‌ಸ್ಟ್ರಾಮ್, ಸ್ಟೋಲ್, ರ‍್ಯಾಂಡಲ್ ಅನ್ನೋ ಮೂವರು ಲೂಯಿಸಿಯಾನಾದ ಜೌಗು ಪ್ರದೇಶಕ್ಕೆ ಮೀನು ಹಿಡಿಯೋಕೆ, ಬೇಟೆಗೆ ಹೋಗೋರ ಬಗ್ಗೆ ಬರೆದ್ರು. ಜೌಗಿನಿಂದ ತಮಗೆ ಏನೇನು ಸಿಗುತ್ತೆ ಅನ್ನೋ ವಿವರ ಕೊಟ್ಟಾಗ ಕೊಡ್ತೀವಿ ಅನ್ನೋ ಮೊತ್ತ ಬದಲಾಯ್ತು. 1991ರಲ್ಲಿ ವೈಟ್‌ಹೆಡ್ ಮತ್ತು ಬ್ಲಾಂಕ್ವಿಸ್ಟ್ ಕೆಂಟಕಿಯ ಕ್ಲಿಯರ್ ಕ್ರೀಕ್ ಅನ್ನೋ ಜೌಗಿನ ಬಗ್ಗೆ ಕೇಳಿದ್ರು, ಕಲ್ಲಿದ್ದಲು ಗಣಿಗಾರಿಕೆ ಇರೋ ಸೀಮೆ ಅದು. ಅಲ್ಲಿ ಅವರು ಹೇಳಿದ್ದು ಈ ಜೌಗಿನ ಗುಣಗಾನ ಅಲ್ಲ, ಇದಕ್ಕೆ ಸಂಬಂಧಪಟ್ಟ ಬೇರೆ ಪರಿಸರ ಸಂಪತ್ತಿನ ಬಗ್ಗೆ. ಅದ್ರಿಂದಲೂ ಮೊತ್ತ ಬದಲಾಯ್ತು. ತರ್ಕ ಸುಲಭ. ಇದಕ್ಕೆ ಬದಲಿ ಆಗೋ ಇನ್ನೊಂದು ಜಾಗ ಇದೆ ಅಂತ ಗೊತ್ತಾದ್ರೆ ಇದರ ಬೆಲೆ ಇಳಿಯುತ್ತೆ, ಇದು ಹೋದ್ರೆ ಅದೂ ಸೊರಗುತ್ತೆ ಅಂತ ಗೊತ್ತಾದ್ರೆ ಏರುತ್ತೆ.

ಹಾಗಾಗಿ @ಬೆಳಗಿನ_ವಾಕಿಂಗ್ ಅವರೇ, ಮಾಹಿತಿಯಿಂದ ಉತ್ತರ ಬದಲಾದ ಮಾತ್ರಕ್ಕೆ ಉತ್ತರ ಕೆಟ್ಟಿತು ಅಂತಲ್ಲ. ಮನೆ ಕೊಳ್ಳೋಕೆ ಹೋದಾಗ ಖಾತಾ ಸರಿಯಿಲ್ಲ ಅಂತ ತಿಳಿದ್ರೆ ನೀವು ರೇಟ್ ಇಳಿಸ್ತೀರಿ. ಆಗ ನಿಮ್ಮ ನಿಜವಾದ ರೇಟ್ ಯಾವುದು, ಖಾತಾ ನೋಡೋಕೆ ಮುಂಚಿಂದಾ ಆಮೇಲಿಂದಾ?

ಯಾವ ಮಾಹಿತಿ ಕೊಟ್ರೂ ಉತ್ತರ ಅಲ್ಲಾಡದೇ ಇದ್ರೆ ನಾನು ಅದಕ್ಕೇ ಹೆಚ್ಚು ಹೆದರ್ತೀನಿ. 1990ರ ದಶಕದ ಶುರುವಲ್ಲಿ, ಆ ಹಡಗಿನ ಎಣ್ಣೆ ಕಂಪನಿ ಎಕ್ಸಾನ್ ದುಡ್ಡಲ್ಲಿ ನಡೆದ ಒಂದು ಸರ್ವೇಲಿ, ಎಣ್ಣೆ ಗುಂಡಿಗೆ ಬಿದ್ದು ಸಾಯೋ ವಲಸೆ ಹಕ್ಕಿಗಳನ್ನ ಬಲೆ ಹೊದಿಸಿ ಉಳಿಸೋಕೆ ಎಷ್ಟು ಕೊಡ್ತೀರಿ ಅಂತ ಕೇಳಿದ್ರು. ಒಂದು ಗುಂಪಿಗೆ 2000 ಹಕ್ಕಿ ಅಂದ್ರು, ಇನ್ನೊಂದಕ್ಕೆ 20,000, ಮತ್ತೊಂದಕ್ಕೆ 2,00,000. ಬಂದ ಸರಾಸರಿ 80, 78, 88 ಡಾಲರ್. ಹಕ್ಕಿ ನೂರು ಪಟ್ಟು ಹೆಚ್ಚಾದ್ರೂ ದುಡ್ಡು ಇದ್ದಲ್ಲೇ ಇದೆ. ದುಡ್ಡು ಕೊಟ್ಟ ಕಂಪನಿಗೆ ಬೇಕಾಗಿದ್ದೂ ಅದೇ ಉತ್ತರ, ಆ ಸರ್ವೇ ಕೇಳಿದ ರೀತಿ ಸರಿ ಇರಲಿಲ್ಲ ಅಂತ ಟೀಕೆಗಳೂ ಬಂದ್ವು, ಅದು ಬೇರೆ ಮಾತು. ಆದ್ರೆ ಸಂಖ್ಯೆ ಮನಸ್ಸಿಗೆ ಇಳೀದೇ ಇದ್ರೆ ಜನ ಬೆಲೆ ಕಟ್ಟೋದು ಹಕ್ಕಿಗಲ್ಲ, ಒಳ್ಳೇ ಕೆಲಸಕ್ಕೆ ಕೈಲಾದಷ್ಟು ಕೊಟ್ಟೆ ಅನ್ನೋ ಸಮಾಧಾನಕ್ಕೆ. ನಿನ್ನ ಮೂಲೆ ಮನೆ ಅಂಕಲ್ 1000ದಿಂದ ಸೊನ್ನೆಗೆ ಇಳಿದ್ರಲ್ಲ, ಅವರು ನಿನ್ನ ಹಾಳೆ ನಿಜವಾಗಿ ಓದಿದ್ದಾರೆ. ಅವರದ್ದು ನಿನ್ನ ಅತ್ಯುತ್ತಮ ಉತ್ತರ.

---

ನೀರುಗಂಟಿ_ಮೊಮ್ಮಗ:

ಮೇಷ್ಟ್ರು ಹೇಳಿದ್ದೆಲ್ಲ ಓದ್ದೆ, ಅಲಾಸ್ಕಾ ಕೆಂಟಕಿ ನನಗೆ ಗೊತ್ತಿಲ್ಲ, ಕೆರೆ ಗೊತ್ತು. ನಮ್ಮ ತಾತ ಕೋಲಾರದ ಕಡೆ ಒಂದೂರಲ್ಲಿ ನೀರುಗಂಟಿ. ತೂಬು ಯಾವಾಗ ಎತ್ಬೇಕು, ಯಾವ ಗದ್ದೆಗೆ ಎಷ್ಟು ಹೊತ್ತು ನೀರು, ಕೋಡಿ ಹರಿದ್ರೆ ಕೆಳಗಿನ ಊರ ಕೆರೆಗೆ ಎಷ್ಟು ದಿನಕ್ಕೆ ಮುಟ್ಟುತ್ತೆ ಎಲ್ಲ ಅವರ ಬಾಯಲ್ಲಿ ಇರ್ತಿತ್ತು. ಬೇಸಿಗೇಲಿ ಹೂಳು ತೆಗೆದು ಗಾಡೀಲಿ ಹೊಲಕ್ಕೆ ಹೊಡೀತಿದ್ರು, ದುಡ್ಡು ಯಾರೂ ಕೊಡ್ತಿರ್ಲಿಲ್ಲ, ಮನೆಗೊಂದು ಆಳು ಬರ್ಬೇಕಿತ್ತು ಅಷ್ಟೆ.

ತಂಗೀ, ನನಗೆ ಎರಡು ವಿಷಯ ಕಾಣ್ತಿದೆ. ಮೊದಲನೇದು ಆ ಬೋರ್‌ವೆಲ್ ಸಾಲು. ನೀವು ಬರೆದಿದ್ದು ನಿಮ್ಮ ಕೆರೆ ಬಗ್ಗೆ ನಿಜಾನಾ? ಎಲ್ಲಾ ಕೆರೇಲೂ ನೀರು ನಿಂತ ತಕ್ಷಣ ಬೋರ್ ತುಂಬಲ್ಲ. ತಳದಲ್ಲಿ ವರ್ಷಗಟ್ಟಲೆ ಕೊಳಚೆ ಹೂಳು ಜೇಡಿ ಥರ ಕೂತಿದ್ರೆ ನೀರು ಇಂಗೋದೇ ಕಷ್ಟ, ಕೆಳಗೆ ಬಂಡೆ ಹೇಗಿದೆ ಅನ್ನೋದ್ರ ಮೇಲೂ ಹೋಗುತ್ತೆ. ಇಂಗಿದ್ರೂ ಬರೋ ನೀರು ಕೊಳಚೇದಾದ್ರೆ ಬಾವಿಗೆ ನೈಟ್ರೇಟ್ ಇಳಿಯುತ್ತೆ. ಆ ಆಂಟಿ ತಿಂಗಳಿಗೆ 200 ಅಂದಿದ್ದು ಕೆರೆಗೆ ಅಲ್ಲ, ನೀವು ಕೊಟ್ಟ ಮಾತಿಗೆ. ನಾಳೆ ಬೋರ್ ತುಂಬದೇ ಹೋದ್ರೆ ಅವರು ಮುಂದಿನ ಸಲ ಯಾರಿಗೂ ಬಾಗಿಲು ತೆಗಿಯಲ್ಲ. ಬೇಜಾರಾಗಬೇಡಿ, ಇದನ್ನ ಹೇಳ್ಲೇಬೇಕು ಅನ್ನಿಸ್ತು.

ಎರಡನೇದು, ನೀವು ಕೇಳಿದ್ದು ಯಾರನ್ನ? ಬೀದಿ ಮನೆಯವರನ್ನ. ಕೆರೆ ಅಂಗಳದಲ್ಲಿ ಹಸುಗೆ ಹುಲ್ಲು ಕೊಯ್ಯೋ ಹೆಂಗಸರು, ಮೀನು ಹಿಡಿಯೋರು, ಬಟ್ಟೆ ಒಗೆಯೋರು, ಇವರನ್ನ ಕೇಳಿದ್ರಾ? ಅವರ ಹತ್ರ ನಿಮ್ಮ ಹಾಳೆ ತಗೊಂಡೋದ್ರೆ ಹಾಳೇಲೇ ತಪ್ಪು ಹುಡುಕ್ತಾರೆ. ಯಾವ ತಿಂಗಳು ಯಾವ ಮೂಲೆ ನೀರು ಹಸಿರಾಗುತ್ತೆ, ಯಾವಾಗ ಮೀನು ತೇಲುತ್ತೆ ಎಲ್ಲ ಅವರಿಗೆ ಗೊತ್ತು. ಹಿನ್ನೆಲೆ ಮಾಹಿತಿ ನೀವು ಅವರಿಗೆ ಕೊಡೋದಲ್ಲ, ಅವರಿಂದ ತಗೋಬೇಕಾದ್ದು. ಮತ್ತೆ ಅವರನ್ನ ರೂಪಾಯಿ ಲೆಕ್ಕದಲ್ಲಿ ಕೇಳಬೇಡಿ, ಕೈಯಲ್ಲಿ ಇಲ್ಲದ ದುಡ್ಡನ್ನ ಎಲ್ಲಿಂದ ಹೇಳ್ತಾರೆ. ವರ್ಷಕ್ಕೆ ಎಷ್ಟು ದಿನ ಕೆಲಸಕ್ಕೆ ಬರ್ತೀರಿ ಅಂತ ಕೇಳಿ.

---

ಜೊಂಡುಹುಲ್ಲು:

@ನೀರುಗಂಟಿ_ಮೊಮ್ಮಗ ಅಣ್ಣ, ಬೇಜಾರಿಲ್ಲ, ಆದ್ರೆ ಓದಿ ಹೊಟ್ಟೆ ಒಂಥರಾ ಆಯ್ತು. ಬೋರ್‌ವೆಲ್ ಸಾಲು ನಾನು ಜಕ್ಕೂರಿನ ಬಗ್ಗೆ ಓದಿದ್ದನ್ನ ನಮ್ಮ ಕೆರೆಗೂ ಹಾಕ್ಬಿಟ್ಟೆ. ಇಲ್ಲಿ ಯಾರೂ ಅಳತೆ ಮಾಡಿಲ್ಲ. ಆ ಆಂಟಿ ಮನೆಗೆ ನಾಳೆ ಹೋಗಿ ಹೇಳ್ತೀನಿ.

ಹುಲ್ಲು ಕೊಯ್ಯೋರನ್ನ ಕೇಳಿರ್ಲಿಲ್ಲ, ಇವತ್ತು ಬೆಳಿಗ್ಗೆ ಹೋಗಿದ್ದೆ. ನಾಲ್ಕು ಜನ ಇದ್ರು. ಹಾಳೆ ತೋರಿಸೋಕೆ ಮುಂಚೆನೇ ಒಬ್ಬರು ಕೇಳಿದ್ದು "ಬೇಲಿ ಹಾಕ್ತಾರಾ?" ಅಂತ. ಗೊತ್ತಿಲ್ಲ ಅಂದೆ. "ಬೇಲಿ ಹಾಕಿ ಗೇಟಿಗೆ ಬೀಗ ಹಾಕೋದಾದ್ರೆ ನಮಗೆ ಈಗಿರೋ ಗಬ್ಬು ಕೆರೇನೇ ಸಾಕು, ಇಲ್ಲ ಅಂದ್ರೆ ತಿಂಗಳಿಗೆ ಎರಡು ದಿನ ನಾವೇ ಬಂದು ಜೊಂಡು ಕೊಯ್ದು ಕೊಡ್ತೀವಿ" ಅಂದ್ರು. ಒಂದೇ ಒಂದು ಮಾಹಿತಿ ಮೇಲೆ ಇಡೀ ಉತ್ತರ ನಿಂತಿದೆ, ಮತ್ತೆ ಆ ಮಾಹಿತಿ ನನ್ನ ಹಾಳೇಲೇ ಇರ್ಲಿಲ್ಲ.

ಮೇಷ್ಟ್ರೇ, ಒಂದು ಡೌಟ್. ಸುತ್ತ ಬೇರೆ ಕೆರೆಗಳೂ ಇವೆ ಅಂತ ನೆನಪಿಸಬೇಕು ಅಂದ್ರಿ. ಆದ್ರೆ ಬೆಂಗಳೂರಲ್ಲಿ ಕೆರೆಗಳು ಒಂದರ ಕೋಡಿ ಇನ್ನೊಂದಕ್ಕೆ ಅಂತ ಸಾಲಾಗಿ ಇರ್ತವಲ್ಲ, ಆಗ ಕೆಳಗಿನ ಕೆರೆ ಬದಲಿನಾ, ಜೊತೆಗಾರನಾ?

---

ಅಘನಾಶಿನಿ_ದಂಡೆ:

ನಾನು ಕುಮಟಾ ಕಡೆಯವ, ನಮ್ಮಲ್ಲಿ ನಡೆದದ್ದು ಹೇಳ್ತೆ, ನಿಮಗೆ ಉಪಯೋಗ ಆಗೂದು ಅಂತ.

2024ರ ಜನವರೀಲಿ ಅಘನಾಶಿನಿ ಅಳಿವೆಗೆ ರಾಮ್ಸಾರ್ ಪಟ್ಟ (ಅಂತರರಾಷ್ಟ್ರೀಯ ಮಹತ್ವದ ಜೌಗು ಅನ್ನೂ ಮಾನ್ಯತೆ) ಬಂತು, 4801 ಹೆಕ್ಟೇರ್. ಅದೇ ಹೊತ್ತಿಗೆ ಅಂಕಸಮುದ್ರ, ಗದಗಿನ ಮಾಗಡಿ ಕೆರೆಗೂ ಬಂತು. ಅದಕ್ಕೂ ಮುಂಚೆ ರಾಜ್ಯದಲ್ಲಿ ಇದ್ದದ್ದು ರಂಗನತಿಟ್ಟು ಒಂದೇ, 2022ರದ್ದು. ಸುದ್ದಿ ಬಂದ ಮೇಲೆ ಬೆಂಗಳೂರಲ್ಲಿ ಇರೂ ನಮ್ಮ ನೆಂಟರೆಲ್ಲ ಫೋನ್ ಮಾಡಿ "ನಿಮ್ಮೂರು ಇಷ್ಟು ದೊಡ್ಡದಾ" ಅಂತ ಕೇಳಿದ್ರು. ಅಳಿವೆ ಹಿಂದಿನ ದಿನಾನೂ ಅದೇ ಅಳಿವೆ. ಒಂದು ಹೆಸರು ಕೇಳಿದ ಕೂಡ್ಲೆ ದೂರದವರ ಕಣ್ಣಲ್ಲಿ ಬೆಲೆ ಏರ್ತು.

ಇಲ್ಲಿ ಬಳಚು (ತಿನ್ನೂ ಚಿಪ್ಪಿನ ಜೀವಿ) ಹೆಕ್ಕೂ ಹೆಂಗಸರಿಗೆ ಆ ಪಟ್ಟದ ಸುದ್ದಿಯಿಂದ ಬೆಲೆ ಏರ್ಲೂ ಇಲ್ಲ ಇಳೀಲೂ ಇಲ್ಲ. ಅವ್ರಿಗೆ ಇಳಿತದ ಹೊತ್ತಲ್ಲಿ ಬುಟ್ಟಿ ತುಂಬ್ತಾ ಇಲ್ವಾ ಅನ್ನೂದೇ ಲೆಕ್ಕ. ಅವ್ರು ಕೇಳಿದ್ದು "ಇನ್ನು ಬಳಚು ತೆಗೀಬಾರದು ಅಂತ ಮಾಡ್ತಾರಾ" ಅಂತ. ನಿಮ್ಮ ಹುಲ್ಲು ಕೊಯ್ಯೂರು ಬೇಲಿ ಕೇಳಿದ ಹಾಗೇ.

ಗಜನಿ ಭೂಮಿ ಕತೆನೂ ಹಾಗೇ. ಉಪ್ಪು ನೀರು ಬರೂ ಗದ್ದೆ, ಅಲ್ಲಿ ಕಗ್ಗ ಅಂತ ಭತ್ತ ಬೆಳೀತಿದ್ರು, ಉಪ್ಪು ತಡೀತದೆ, ನೀರಲ್ಲಿ ಮುಳುಗಿದ್ರೂ ನಿಲ್ತದೆ. ಕಟ್ಟೆ ಒಡೆದು ಎಷ್ಟೋ ಕಡೆ ಬಿಟ್ಟು ಹೋಯ್ತು. ಈಗ ಅದನ್ನ ಸರಿ ಮಾಡೂದು ಅಂದ್ರೆ ಏನು? ಒಬ್ಬರಿಗೆ ಕಾಂಡ್ಲಾ (ಮ್ಯಾಂಗ್ರೋವ್ ಗಿಡ) ನೆಡೂದು, ಒಬ್ಬರಿಗೆ ಕಟ್ಟೆ ಕಟ್ಟಿ ಕಗ್ಗ ಬಿತ್ತೂದು, ಇನ್ನೊಬ್ಬರಿಗೆ ಸಿಗಡಿ. ನೀವು ಬರೀ "ಜೌಗು ಪುನಶ್ಚೇತನಕ್ಕೆ ಎಷ್ಟು ಕೊಡ್ತೀರಿ" ಅಂತ ಕೇಳಿದ್ರೆ ಮೂರು ಜನ ಮೂರು ಬೇರೆ ಕೆಲಸಕ್ಕೆ ಬೆಲೆ ಹೇಳಿ ನೀವು ಅದನ್ನ ಕೂಡಿಸ್ತೀರಿ. ಅದಕ್ಕೇ ವಿವರ ಹೇಳೂದು ಬೇಕೇ ಬೇಕು ಅಂತ ನಾ ಹೇಳೂದು.

---

ಏರಿ_ಮೇಲಿಂದ:

ನಾವು ಪೂರ್ವ ಬೆಂಗಳೂರಲ್ಲಿ ಒಂದು ಕೆರೆ ಗುಂಪು ನಡೆಸ್ತೀವಿ, ಒಂಬತ್ತು ವರ್ಷ ಆಯ್ತು. ಅನುಭವದಿಂದ ಒಂದಷ್ಟು.

ಟೈಮಿಂಗ್ ಬಗ್ಗೆ ಮೇಷ್ಟ್ರು ಒಂದು ಸಾಲಲ್ಲಿ ಮುಗಿಸಿದ್ರು, ಅದು ತುಂಬಾ ದೊಡ್ಡ ವಿಷಯ. 2017ರ ಫೆಬ್ರವರಿ ಮತ್ತೆ 2018ರ ಜನವರೀಲಿ ಬೆಳ್ಳಂದೂರು ಕೆರೆಗೆ ಬೆಂಕಿ ಬಿತ್ತಲ್ಲ, 2018ರಲ್ಲಿ ಆರಿಸೋಕೆ ಸುಮಾರು 5000 ಸೈನಿಕರು ಬರ್ಬೇಕಾಯ್ತು. ಆ ವಾರ ನಮ್ಮ ಕೆರೆ ಬಗ್ಗೆ ಯಾರನ್ನ ಕೇಳಿದ್ರೂ ದುಡ್ಡು ಕೊಡೋಕೆ ರೆಡಿ, ಸಹಿ ಹಾಕೋಕೆ ರೆಡಿ. ನಮ್ಮದು ಪುಟ್ಟ ಕೆರೆ, ಬೆಳ್ಳಂದೂರು ಸುಮಾರು 900 ಎಕರೆ, ಎರಡಕ್ಕೂ ಸಮಸ್ಯೆ ಒಂದೇ ಅಲ್ಲ. ಆದ್ರೆ ಟಿವೀಲಿ ಹೊಗೆ ನೋಡಿದ್ರಲ್ಲ. ಆರು ತಿಂಗಳು ಬಿಟ್ಟು ಅದೇ ಮನೆಗಳಿಗೆ ಹೋದಾಗ ನಮ್ಮನ್ನ ಗುರುತೂ ಹಿಡೀಲಿಲ್ಲ. 2022ರ ಸೆಪ್ಟೆಂಬರ್ ಪ್ರವಾಹದ ಮೇಲೂ ಹಾಗೇ. ಆ ಬಿಸೀಲಿ ಕೇಳಿದ್ರೆ ಬರೋ ಮೊತ್ತ ಭಯದ ಮೊತ್ತ, ನೀವು ಹಾಳೆ ಕೊಡದೇ ಇದ್ರೂ ಟಿವಿ ನಿಮಗಿಂತ ಮುಂಚೆ ಹಾಳೆ ಕೊಟ್ಟಿರುತ್ತೆ. "ಏನೂ ಹೇಳದೆ ಕೇಳೋದು" ಅಂತ ಒಂದು ಇಲ್ಲವೇ ಇಲ್ಲ.

ಫೋಟೋ ವಿಷಯ. ದಯವಿಟ್ಟು ನಿಮ್ಮ ಎರಡನೇ ಫೋಟೋ ಯಾವ ತಿಂಗಳದ್ದು ನೋಡಿ. ಎಲ್ರೂ ನವೆಂಬರ್ ಡಿಸೆಂಬರ್‌ದು ಹಾಕ್ತಾರೆ, ಮಳೆ ಮುಗಿದು ನೀರು ತುಂಬಿ, ನಾಮದ ಕೋಳಿ ಗುಳುಮುಳುಕ ಎಲ್ಲ ತೇಲ್ತಾ ಇರ್ತವೆ. ಮೇ ತಿಂಗಳದ್ದೂ ಹಾಕಿ. ನೀರು ಇಳಿದು ಕೆಸರು ಕಾಣಬೇಕು. ಆ ಕೆಸರೇ ಉಲ್ಲಂಕಿ ಹಕ್ಕಿಗಳ ಊಟದ ತಟ್ಟೆ ಅನ್ನೋದೂ ಹೇಳಬೇಕು. ನಮ್ಮ ಜನ "ಅಭಿವೃದ್ಧಿ" ಅಂದ್ರೆ ಅಂಚು ಕಡಿದು ಬಟ್ಟಲು ಥರ ಆಳ ಮಾಡಿ ಸುತ್ತ ಟ್ರ್ಯಾಕ್ ಹಾಕೋದು ಅಂತ ತಿಳ್ಕೊಂಡಿದ್ದಾರೆ. ಹಾಗೆ ಮಾಡಿದ್ರೆ ತೆಳು ನೀರಿನ ಅಂಚು ಹೋಗುತ್ತೆ, ಅಲ್ಲಿ ಕಾಲಾಡಿಸೋ ಹಕ್ಕಿಗಳೂ ಹೋಗ್ತವೆ, ಆಳ ನೀರಲ್ಲಿ ಮುಳುಗೋವು ಮಾತ್ರ ಉಳೀತವೆ. ಮೂಲೆ ಮನೆ ಅಂಕಲ್ ತಲೇಲಿ ಇದ್ದ ಚಿತ್ರ ಅದೇ, ಅವರದ್ದು ತಪ್ಪಲ್ಲ, ನಾವು ಹದಿನೈದು ಇಪ್ಪತ್ತು ವರ್ಷದಿಂದ ತೋರಿಸಿರೋದೇ ಅದು.

ಜೊಂಡಿನ ಕೆಲಸ ಹೇಗೆ ಅನ್ನೋದನ್ನ ಒಂದೆರಡು ಸಾಲಲ್ಲಿ ಹೇಳಿ. ಬೇರಿನ ಸುತ್ತ ಇರೋ ಬ್ಯಾಕ್ಟೀರಿಯಾ ನೈಟ್ರೇಟನ್ನ ಗಾಳಿಗೆ ಹೋಗೋ ನೈಟ್ರೋಜನ್ ಮಾಡುತ್ತೆ. ಸೋಪಿನ ಪುಡಿಯಿಂದ ಬರೋ ಫಾಸ್ಫರಸ್ ಹಾಗೆ ಗಾಳಿಗೆ ಹೋಗಲ್ಲ, ಗಿಡದಲ್ಲಿ ಕೆಸರಲ್ಲಿ ಸೇರ್ಕೊಳ್ಳುತ್ತೆ, ಅದಕ್ಕೇ ಜೊಂಡು ಕೊಯ್ದು ಹೊರಗೆ ಸಾಗಿಸ್ತಾ ಇರ್ಬೇಕು. ಕೊಯ್ಯದೇ ಬಿಟ್ರೆ ಕೊಳೆತು ಅದೇ ನೀರಿಗೆ ವಾಪಸ್. ಇದು ಗೊತ್ತಾದ್ರೆ ಜನಕ್ಕೆ "ಒಂದು ಸಲ ದುಡ್ಡು ಹಾಕಿದ್ರೆ ಮುಗೀತು" ಅನ್ನೋ ಕಲ್ಪನೆ ಹೋಗುತ್ತೆ. ಹಸಿ ಕೊಳಚೆ ನೇರ ಬಿಟ್ರೆ ಜೊಂಡೂ ಸೋಲುತ್ತೆ, ಮೊದಲು ಘಟಕದಲ್ಲಿ ಸಂಸ್ಕರಣೆ ಆಗಿರ್ಬೇಕು. ಇದೂ ಹಾಳೇಲಿ ಇರ್ಲಿ.

ನಿಮ್ಮ ಸಾಲು ಕೆರೆ ಪ್ರಶ್ನೆಗೆ ನನ್ನ ಅನುಭವ: ವಾಕಿಂಗ್ ಬರೋರಿಗೆ ಪಕ್ಕದ ಕೆರೆ ಬದಲಿ, ನೀರಿಗೆ ಮಾತ್ರ ಬದಲಿ ಅನ್ನೋದೇ ಇಲ್ಲ, ಮೇಲಿನ ಕೆರೆ ಹೊಲಸಾದ್ರೆ ಕೆಳಗಿಂದೂ ಹೊಲಸು.

---

ಮೇಷ್ಟ್ರು_ತುಮಕೂರು:

ಏರಿ_ಮೇಲಿಂದ ಅವರು ನನಗಿಂತ ಚೆನ್ನಾಗಿ ಹೇಳಿದ್ರು. ಮಗಳೇ, ಅದಕ್ಕೇ ಹಾಳೇಲಿ ಕೋಡಿ ನೀರು ಮುಂದೆ ಎಲ್ಲಿಗೆ ಹೋಗುತ್ತೆ ಅಂತ ಒಂದು ಸಣ್ಣ ನಕ್ಷೆ ಹಾಕು. ಒಬ್ಬರ ಉತ್ತರ ಇಳಿಯುತ್ತೆ, ಒಬ್ಬರದ್ದು ಏರುತ್ತೆ. ಯಾರದ್ದು ಯಾಕೆ ಅಂತ ಬರ್ಕೋ, ಸರಾಸರಿಗಿಂತ ಅದೇ ಮುಖ್ಯ.

ಹಾಳೆ ಒಂದೇ ಮಾಡಬೇಡ. ಒಂದು ಗುಂಪಿಗೆ ಚಿಕ್ಕ ವಿವರ, ಒಂದಕ್ಕೆ ಪೂರ್ತಿ ವಿವರ, ಒಂದಕ್ಕೆ ಪೂರ್ತಿ ವಿವರದ ಜೊತೆ ಬೇರೆ ಕೆರೆಗಳ ವಿಷಯ. ಯಾವ ಮನೆಗೆ ಯಾವುದು ಅಂತ ಚೀಟಿ ಎತ್ತಿ ನಿರ್ಧರಿಸು, ಬೀದಿ ಲೆಕ್ಕದಲ್ಲಿ ಹಂಚಬೇಡ. ಹೋದ ಸಲ ಒಂದು ಬೀದಿಗೆ ಒಂದು, ಇನ್ನೊಂದಕ್ಕೆ ಒಂದು ಅಂತ ಮಾಡಿದ್ಯಲ್ಲ, ಆ ವ್ಯತ್ಯಾಸ ಹಾಳೆಯಿಂದ ಬಂತೋ ಬೀದಿಯಿಂದ ಬಂತೋ ಹೇಳೋಕಾಗಲ್ಲ, ಗೈಡ್ ಹಿಡಿಯಬೇಕಾಗಿದ್ದ ತಪ್ಪು ಅದು. ಸೊನ್ನೆ ಅಂದವರನ್ನ ಯಾಕೆ ಅಂತ ಕೇಳು. ಕೆರೆ ಬೇಡ ಅನ್ನೋ ಸೊನ್ನೆ ಬೇರೆ, "ದುಡ್ಡು ಸರಿಯಾಗಿ ಖರ್ಚಾಗುತ್ತೆ ಅನ್ನೋ ನಂಬಿಕೆ ಇಲ್ಲ" ಅನ್ನೋ ಸೊನ್ನೆ ಬೇರೆ.

---

ಬೆಳಗಿನ_ವಾಕಿಂಗ್:

ಎಲ್ಲ ಓದಿದೆ. ಖಾತಾ ಉದಾಹರಣೆ ಕೊಟ್ಟ ಮೇಲೆ ನನ್ನ ಮಾತು ಹಿಂದಕ್ಕೆ ತಗೋತೀನಿ, ಒಳ್ಳೇದು ಕೆಟ್ಟದ್ದು ಎರಡೂ ಹೇಳೋದಾದ್ರೆ ಹೇಳಿನೇ ಕೇಳಿ. ಆದ್ರೆ ಸೊಳ್ಳೆ ಪ್ರಶ್ನೆಗೆ ಇನ್ನೂ ಯಾರೂ ಉತ್ತರ ಕೊಟ್ಟಿಲ್ಲ. ನಮ್ಮನೇಲಿ ಹೋದ ವರ್ಷ ಇಬ್ರಿಗೆ ಡೆಂಗಿ ಆಗಿತ್ತು.

---

ಏರಿ_ಮೇಲಿಂದ:

@ಬೆಳಗಿನ_ವಾಕಿಂಗ್ ಸರ್, ಮನೇಲಿ ಈಗ ಎಲ್ರೂ ಹುಷಾರಾಗಿದ್ದಾರೆ ಅನ್ಕೋತೀನಿ. ಡೆಂಗಿ ಹರಡೋ ಈಡಿಸ್ ಹೆಚ್ಚಾಗಿ ಮನೆ ಸುತ್ತ ನಿಂತ ತಿಳಿ ನೀರಲ್ಲಿ ಮೊಟ್ಟೆ ಇಡೋದು, ಡ್ರಮ್ಮು, ಹೂಕುಂಡ, ಟೈರು. ಕೊಳಚೆ ನಿಂತ ಕಡೆ ಬರೋದು ಕ್ಯೂಲೆಕ್ಸ್, ರಾತ್ರಿ ಕಚ್ಚೋದು. ನೀರು ಹರೀತಾ ಇದ್ದು ಮೀನು ಇದ್ರೆ ಕ್ಯೂಲೆಕ್ಸ್ ಕಡಿಮೆ. ಆದ್ರೆ ಜೊಂಡು ಕೊಯ್ಯದೆ ಬಿಟ್ಟು ನೀರು ನಿಂತ್ರೆ ಸೊಳ್ಳೆ ಬಂದೇ ಬರುತ್ತೆ, ಇಲ್ಲ ಅಂತ ಹೇಳಿದ್ರೆ ಸುಳ್ಳಾಗುತ್ತೆ.

---

ಜೊಂಡುಹುಲ್ಲು:

ಎಲ್ರಿಗೂ ತುಂಬಾ ಥ್ಯಾಂಕ್ಸ್. ಸೊಳ್ಳೆ ಸಾಲನ್ನ ಹೀಗೇ ಹಾಕ್ತೀನಿ: "ಜೊಂಡನ್ನು ಕಾಲಕಾಲಕ್ಕೆ ಕೊಯ್ಯದಿದ್ದರೆ ಸೊಳ್ಳೆ ಹೆಚ್ಚಾಗಬಹುದು. ಕೊಯ್ಯುವ ಖರ್ಚು ಪ್ರತಿ ವರ್ಷ ಇರುತ್ತದೆ." ಬೇಲಿ ಹಾಕ್ತಾರಾ ಇಲ್ವಾ ಅಂತ ಪ್ಲಾನ್ ಮಾಡ್ತಿರೋರನ್ನ ಕೇಳಿದೆ, ಇನ್ನೂ ತೀರ್ಮಾನ ಆಗಿಲ್ಲವಂತೆ, ಅದಕ್ಕೆ ಬೇಲಿ ಇದ್ರೆ ಒಂದು ಪ್ರಶ್ನೆ, ಇಲ್ಲದಿದ್ರೆ ಒಂದು ಪ್ರಶ್ನೆ ಅಂತ ಎರಡೂ ಕೇಳ್ತೀನಿ. ಬೋರ್‌ವೆಲ್ ಸಾಲು ತೆಗೆದೆ.

ಆ ಆಂಟಿ ಮನೆಗೆ ನಿನ್ನೆ ಹೋಗಿದ್ದೆ. ಬೋರ್‌ವೆಲ್ ತುಂಬುತ್ತೆ ಅಂತ ನಾನು ಹೇಳಿದ್ದು ಈ ಕೆರೆ ಮಟ್ಟಿಗೆ ಖಾತ್ರಿ ಇಲ್ಲ ಆಂಟಿ ಅಂದೆ. ಸ್ವಲ್ಪ ಹೊತ್ತು ಸುಮ್ನಿದ್ರು. ಆಮೇಲೆ "ಹಾಗಾದ್ರೆ 200 ಆಗಲ್ಲ, 50 ಬರ್ಕೋ, ಆ ವಾಸನೆ ಹೋದ್ರೆ ಸಾಕು" ಅಂದ್ರು. ಗೈಡ್ ಏನಂತಾರೋ ಗೊತ್ತಿಲ್ಲ, ನಾನು ಎರಡೂ ನಂಬರ್ ಬರ್ಕೊಂಡು ಪಕ್ಕದಲ್ಲಿ ಯಾಕೆ ಬದಲಾಯ್ತು ಅಂತ ಅವರ ಮಾತಲ್ಲೇ ಬರೆದಿಟ್ಟಿದ್ದೀನಿ.

@ಏರಿ_ಮೇಲಿಂದ ಸರ್, ಮೇ ತಿಂಗಳ ಫೋಟೋ ನನ್ನ ಹತ್ರ ಇಲ್ಲ, ನಿಮ್ಮ ಕೆರೇದು ಇದ್ರೆ ಕಳಿಸ್ತೀರಾ? ಯಾವ ಕೆರೆ, ಯಾವ ತಿಂಗಳು ಅಂತ ಕೆಳಗೆ ಬರೆದೇ ಹಾಕ್ತೀನಿ.